ಹೊಗೆಕೋಟೆಯ ಹೊಸಪಾರ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಬಿಂದು ಮೇಡಂ ಎಂದರೆ ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಸ್ವಲ್ಪ ಅಳುಕು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವರು. ದರ್ಶಿನಿಯ ಬೋರ್ಡಿನಲ್ಲಿ ಒಂದು ದೀರ್ಘ ತಪ್ಪಿದ್ದರೂ ಕ್ಯಾಷಿಯರನ್ನು ಕರೆದು ತಿದ್ದಿಸಿ ಆಮೇಲೆ ಕಾಫಿ ಕುಡಿಯುತ್ತಾರೆ. ಅಲ್ಪವಿರಾಮ ಹಾಕದ ಹುಡುಗರಿಗೆ ಅರ್ಧ ಅಂಕ ಖೋತಾ. ಮನೆಯಲ್ಲಿ ಅವರು ಮತ್ತು ಅವರ ತಾಯಿ ಪಿಳ್ಳಮ್ಮ, ಇಬ್ಬರೇ.

ಪಿಳ್ಳಮ್ಮನವರಿಗೆ ಎಂಬತ್ತು ದಾಟಿದೆ. ಪ್ರಾಯದಲ್ಲಿ ಇದೇ ಪೇಟೆಯ ಒಂದು ಪ್ರೆಸ್ಸಿನಲ್ಲಿ, ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಪುಸ್ತಕದ ಅಳತೆಗೆ ಮಡಿಸುವ ಕೆಲಸ ಮಾಡಿದವರು. ಶಾಲೆಯ ಮುಖ ಕಂಡವರಲ್ಲ. ಆದರೆ ಕಥೆ ಹೇಳಲು ಕೂತರೆ ಪುಟ್ಟ ಬಿಂದು ಕೈಯಲ್ಲಿದ್ದ ತುತ್ತನ್ನೂ ಮರೆಯುತ್ತಿದ್ದಳು. ಹೊಗೆಯಿಂದಾದ ಒಂದು ಕೋಟೆ. ದೀಪ ಹಿಡಿದು ಅದರೊಳಗೆ ಹೋಗುವ ಹುಡುಗಿ. ಬಾಗಿಲು ಬಾಗಿಲಿಗೂ ಅವಳು ತನ್ನ ನೆನಪೊಂದನ್ನು ಸುಂಕವಾಗಿ ಕೊಡಬೇಕು, ಕೊಟ್ಟರೆ ಮಾತ್ರ ದಾರಿ.

ಹೋದ ವರ್ಷ ಬಿಂದು ಈ ಕಥೆಗಳನ್ನೆಲ್ಲ ಬರೆದು ‘ಅವ್ವನ ಬಾಯಿಂದ’ ಎಂಬ ಪುಸ್ತಕ ತಂದರು. ಮನೆಯಲ್ಲಿ ಕರೆಯುವುದು ಅಮ್ಮ ಎಂದೇ. ಪುಸ್ತಕಕ್ಕೆ ಮಾತ್ರ ಅವ್ವ ಬೇಕಾಯಿತು, ಜಾನಪದದ ಗತ್ತು ಬರಬೇಕಲ್ಲ. ಪಿಳ್ಳಮ್ಮ ಕಥೆಯ ನಡುನಡುವೆ “ಕಾಮಾ” ಎಂದೂ, “ಹೊಸಪಾರ” ಎಂದೂ ಹೇಳುತ್ತಿದ್ದರು. ಅದಕ್ಕೆ ಬಿಂದು ಅಡಿಟಿಪ್ಪಣಿ ಹಾಕಿದರು. ಕಾಮ ಎಂದರೆ ಹುಡುಗಿಯ ಜೊತೆ ಕಣ್ಣಿಗೆ ಕಾಣದೆ ನಡೆಯುವ ಸಖ. ಪಾರ ಎಂದರೆ ಪಹರೆ. ಹೊಸಪಾರ ಎಂಬುದು ಕೋಟೆಯ ಕಾವಲು ಬದಲಾಗುವಾಗಿನ ಕೂಗು. ಬಿಡುಗಡೆಯ ದಿನ ಭಾಷಣಕಾರರೊಬ್ಬರು ಈ ಒಂದು ಪದವನ್ನು ಹಿಡಿದುಕೊಂಡು ಸಭೆಯನ್ನು ಆಕಳಿಸುವಷ್ಟು ಹೊತ್ತು ಹೊಗಳಿದರು. ಪಿಳ್ಳಮ್ಮನವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕೂರಿಸಿದರು.

ಬಸವನಗುಡಿಯಲ್ಲಿ ಪ್ರಸನ್ನ ಎಂಬವರ ಮಹಡಿಯಲ್ಲಿ ಭಾನುವಾರ ಒಂದು ಓದುಬಳಗ ಸೇರುತ್ತದೆ. ಚಿಕ್ಕಂದಿನಲ್ಲಿ ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ ಮಾಯಾಲೋಕದ ಕಾದಂಬರಿಗಳನ್ನು, ತಲೆ ನೆರೆತ ಮೇಲೆ ಮರ್ಯಾದೆಯಾಗಿ ಕೂತು ಇನ್ನೊಮ್ಮೆ ಓದುವವರ ಗುಂಪು. ಲೇಖಕಿಯಾದ ಮೇಲೆ ಬಿಂದು ಮೇಡಂಗೂ ಅಲ್ಲೊಂದು ಕುರ್ಚಿ ಖಾಯಂ ಆಗಿತ್ತು. ಕಳೆದ ತಿಂಗಳು ಪ್ರಸನ್ನ ಐದು ಸಂಪುಟಗಳ ಒಂದು ಹಳೆಯ ಮಾಲೆ ತಂದಿಟ್ಟರು. ಹೆಸರು ‘ಹೊಗೆಕೋಟೆ’. ಎಲ್ಲೂ ಸಿಗದೆ ಕೊನೆಗೆ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿತಂತೆ. ಮೊದಲ ಸಾಲು ಓದಿದರು.

“ಹೊಗೆಗೆ ಯಾರೂ ಗೋಡೆ ಕಟ್ಟಲಿಲ್ಲ, ಆದರೂ ಅಲ್ಲೊಂದು ಕೋಟೆ ಇತ್ತು.”

ಬಿಂದು ಎದ್ದು ನಿಂತರು. “ನಿಲ್ಸಿ! ಇದು ನಮ್ಮಮ್ಮನ ಕಥೆ. ಯಾರೋ ಕದ್ದಿದಾರೆ. ನಾನು ಸುಮ್ನೆ ಬಿಡಲ್ಲ.”

ಬಳಗದಲ್ಲಿ ಎಲ್ಲರೂ ಅವರ ಪುಸ್ತಕ ಕೊಂಡು ಓದಿದವರೇ. ಅವರಿಗೂ ಹೌದೆನ್ನಿಸಿತು. ಪ್ರಸನ್ನ ಸಂಪುಟವನ್ನು ಬಿಂದು ಕೈಗೆ ಕೊಟ್ಟರು. ಒಳಪುಟದಲ್ಲಿ ಅಚ್ಚಾದ ವರ್ಷವಿತ್ತು, ಬಿಂದು ಹುಟ್ಟುವುದಕ್ಕೂ ಮುಂಚಿನದು. ಕೆಳಗೆ ಮುದ್ರಣಾಲಯದ ಹೆಸರಿತ್ತು, ಅಮ್ಮ ಹಾಳೆ ಮಡಿಸಿದ ಪ್ರೆಸ್ಸು. ಪುಟ ತಿರುಗಿಸಿದರು. ಅಮ್ಮ “ಕಾಮಾ” ಎನ್ನುತ್ತಿದ್ದ ಜಾಗದಲ್ಲಿ ಒಂದು ಅಲ್ಪವಿರಾಮ. ಅಮ್ಮ “ಹೊಸಪಾರ” ಎಂದು ದನಿ ಏರಿಸುತ್ತಿದ್ದಲ್ಲಿ ಸಾಲು ಮುಗಿದು ಹೊಸ ಪ್ಯಾರಾ ಶುರುವಾಗಿತ್ತು.

ಸಾವಿರಾರು ಮಕ್ಕಳ ಅಲ್ಪವಿರಾಮ ತಿದ್ದಿದ ಮೇಡಂ, ಅಲ್ಪವಿರಾಮಕ್ಕೇ ಅಡಿಟಿಪ್ಪಣಿ ಬರೆದಿದ್ದರು! ಪಕ್ಕದಲ್ಲಿದ್ದವರು ಇಣುಕಿ ನೋಡಿದರು, ಅವರಿಗೂ ಅರ್ಥವಾಯಿತು. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು, ಬೈದಾದರೂ ಹಗುರಾಗಬಹುದಿತ್ತು. ಯಾರೂ ನಗಲಿಲ್ಲ. ಒಬ್ಬರು ಕಾಫಿ ತರುವ ನೆಪದಲ್ಲಿ ಎದ್ದು ಹೋದರು. ಪ್ರಸನ್ನ ಐದೂ ಸಂಪುಟಗಳನ್ನು ಚೀಲಕ್ಕೆ ಹಾಕಿ, “ಅಮ್ಮಂಗೆ ತೋರ್ಸಿ ಮೇಡಂ, ಖುಷಿ ಪಡ್ತಾರೆ” ಎಂದರು. ಆ ಮರ್ಯಾದೆಯೇ ಬಿಂದುವಿಗೆ ಹೆಚ್ಚು ಉರಿಯಿತು. ಮೆಟ್ಟಿಲಿಳಿಯುವಾಗ ನಾಚಿಕೆಯಿಂದ ಕಿವಿಯವರೆಗೂ ಬಿಸಿಯಾಗಿತ್ತು. ಆಟೋದಲ್ಲಿ ಕೂತ ಮೇಲೆ ಆ ನಾಚಿಕೆಯೆಲ್ಲ ತಾಯಿಯ ಮೇಲಿನ ಸಿಟ್ಟಾಯಿತು. ನಮ್ಮ ತಪ್ಪನ್ನು ಹೊರಿಸಲು ಮನೆಯವರಷ್ಟು ಅನುಕೂಲದವರು ಇನ್ನಾರಿದ್ದಾರೆ?

ಪಿಳ್ಳಮ್ಮ ಮಂಚದ ಮೇಲೆ ಕೂತು ಅವರೆಕಾಳು ಬಿಡಿಸುತ್ತಿದ್ದರು.

“ಅಮ್ಮಾ, ಹೊಗೆಕೋಟೆ ಕಥೆ ನಿಂದಲ್ವಾ?”

“ನಂದ್ಯಾಕಾಗುತ್ತೆ? ಪ್ರೆಸ್ಸಲ್ಲಿ ಓದೋರು. ಒಬ್ರು ಗಟ್ಟಿಯಾಗಿ ಓದೋರು, ಇನ್ನೊಬ್ರು ಅಚ್ಚು ನೋಡ್ಕೊಂಡು ತಪ್ಪು ತಿದ್ದೋರು. ನಾನು ಹಾಳೆ ಮಡಿಸ್ತಾ ಕೇಳಿಸ್ಕೋತಿದ್ದೆ.”

“ಕಾಮಾ, ಹೊಸ ಪ್ಯಾರಾ?”

“ಅದ್ನೂ ಓದೋರು. ಅದೂ ಕಥೇನೇ ಅನ್ಕೊಂಡಿದೀನಿ. ಅಲ್ವಾ?”

ಬಿಂದು ದನಿ ಏರಿತು. “ಮತ್ತೆ ಅವತ್ತು ಸ್ಟೇಜ್ ಮೇಲೆ ಯಾಕೆ ಬಾಯಿ ಬಿಡ್ಲಿಲ್ಲ? ಎಲ್ಲಾ ನಿನ್ ಕಥೆ ಅಂತ ಬರ್ದಿದೀನಿ!”

“ನೀನು ಏನ್ ಬರ್ದಿದೀಯ ಅಂತ ನಂಗೇನೇ ಗೊತ್ತು? ಒಂದಿನ ಓದಿ ಹೇಳಿದ್ಯಾ? ಶಾಲು ಹೊದ್ಸಿದ್ರು. ಅಷ್ಟು ವರ್ಷ ಪ್ರೆಸ್ಸಲ್ಲಿ ದುಡಿದಿದ್ದಕ್ಕೆ ಅನ್ಕೊಂಡೆ.”

ಬಿಂದು ಚೀಲವನ್ನು ಮಂಚದ ಮೇಲಿಟ್ಟರು. ಪಿಳ್ಳಮ್ಮ ಅವರೆಕಾಯಿ ಬದಿಗಿಟ್ಟು ಚೀಲದತ್ತ ಕೈಚಾಚಿದರು. ಒಂದೊಂದೇ ಸಂಪುಟ ಹೊರಗೆ ತೆಗೆದು ಅದರ ಬೆನ್ನು ಸವರಿದರು.

“ಅಯ್ಯೋ, ಇದೇನಾ ಅದು? ಕೊನೇ ಪುಸ್ತಕ ಅಚ್ಚಾಗೋವಾಗ ನೀನು ಹೊಟ್ಟೇಲಿದ್ದೆ ಕಣೆ. ಬಾಣಂತನ ಮುಗ್ಸಿ ಹೋಗೋ ಹೊತ್ಗೆ ಎಲ್ಲಾ ಮುಗ್ದೋಗಿತ್ತು. ಆ ಹುಡುಗಿ ಆಚೆ ಬಂದ್ಲೋ ಇಲ್ವೋ, ಯಾರ್ನ ಕೇಳ್ಲಿ? ನಿಂಗೆ ಹೇಳ್ವಾಗ ಕೊನೇದನ್ನ ನಾನೇ ಏನೋ ಕಟ್ಕೊಂಡು ಹೇಳ್ತಿದ್ದೆ.”

ಬಿಂದುವಿಗೆ ಚೆನ್ನಾಗಿ ನೆನಪಿತ್ತು. ಅಮ್ಮ ಒಂದು ದಿನ ಹೇಳಿದ ಕೊನೆ ಇನ್ನೊಂದು ದಿನ ಇರುತ್ತಿರಲಿಲ್ಲ. ಒಮ್ಮೆ ಹುಡುಗಿ ಎಲ್ಲ ನೆನಪನ್ನೂ ಕಳೆದುಕೊಂಡು ಹಸಿವಿನ ಜಾಡು ಹಿಡಿದು ಮನೆಗೆ ಬಂದಳು. ಇನ್ನೊಮ್ಮೆ ಕೋಟೆಗೇ ತಾಯಿಯಾದಳು. ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದು ಆ ಕೊನೆಗಳನ್ನೆಲ್ಲ ಬಿಂದು ತಮ್ಮ ಪುಸ್ತಕದಿಂದ ಕಿತ್ತುಹಾಕಿದ್ದರು. ಅಮ್ಮನದೇ ಆಗಿದ್ದದ್ದು ಅಷ್ಟೇ. ಅದನ್ನೇ ಬಿಟ್ಟು, ಬೇರೆಯವರದನ್ನು ಅಮ್ಮನ ಹೆಸರಿಗೆ ಅಚ್ಚು ಹಾಕಿಸಿದ್ದರು. ತಾಯಿಯ ಮುಖ ನೋಡಲಾಗದೆ ಬಿಂದು ಐದನೆಯ ಸಂಪುಟ ತೆರೆದರು.

“ಅದಿರ್ಲಿ,” ಎಂದರು ಪಿಳ್ಳಮ್ಮ. “ಮೊದ್ಲು ನೀನು ಬರ್ದಿರೋದು ಓದು. ನನ್ ಬಗ್ಗೆ ಏನೋ ಬರ್ದಿದೀಯಂತಲ್ಲ.”

ಬಿಂದು ತಮ್ಮ ಪುಸ್ತಕ ತಂದರು. ಮುನ್ನುಡಿಯ ಮೊದಲ ವಾಕ್ಯಕ್ಕೇ ಪುಸ್ತಕವನ್ನು ಅರ್ಧ ಮುಚ್ಚಿದರು. ಎಲ್ಲರೂ ಮೆಚ್ಚಿ ಆಡಿದ ವಾಕ್ಯ ಅದು.

“ಯಾಕೆ ನಿಲ್ಲಿಸ್ದೆ? ಓದು.”

“‘ನನ್ನ ಅವ್ವನಿಗೆ ಅಕ್ಷರದ ಹಂಗಿಲ್ಲ.’”

“ಹಂಗಿಲ್ಲ ಅಂದ್ರೆ?”

“ಅಂದ್ರೆ... ನಿಂಗೆ ಅದು ಬೇಕಾಗ್ಲಿಲ್ಲ ಅಂತ.”

“ಯಾರೇ ಹೇಳಿದ್ದು ನಿಂಗೆ? ನಂಗೆ ಬೇಕಿತ್ತು ಕಣೆ. ನೀನು ಮೇಡಂ ಆದ್ಮೇಲಾದ್ರೂ ಕೂರಿಸ್ಕೊಂಡು ಹೇಳ್ಕೊಡ್ತೀಯ ಅನ್ಕೊಂಡಿದ್ದೆ.”

ಬಿಂದು ಅತ್ತರು. ಅವರು ಅತ್ತದ್ದನ್ನು ನಮ್ಮ ರಸ್ತೆಯಲ್ಲಿ ಯಾರೂ ಕಂಡವರಲ್ಲ. “ಈಗ ಹೇಳ್ಕೊಡ್ತೀನಮ್ಮ. ಇವತ್ತೇ ಶುರು ಮಾಡೋಣ.”

“ಈಗೆಲ್ಲಿ ಕಣ್ಣು ಕಾಣ್ಸುತ್ತೆ ನಂಗೆ?” ಎಂದರು ಪಿಳ್ಳಮ್ಮ. “ನೀನೇ ಓದು. ಸ್ವಲ್ಪ ಗಟ್ಟಿಯಾಗಿ ಓದು.”