ಜಪಾನಿನ ಪೆಟ್ಟಿಗೆಯಲ್ಲಿ ಗಂಧದ ಘಮ

ಗಾಜಿನ ಶೋಕೇಸಿನೊಳಗೆ ಒಮ್ಮೆ ಹೊಕ್ಕ ವಸ್ತು ಮತ್ತೆ ಮನುಷ್ಯರ ಕೈಗೆ ಸಿಗುವುದಿಲ್ಲ ಎಂಬುದನ್ನು ನೀವೂ ನಿಮ್ಮ ಮನೆಯಲ್ಲಿ ಗಮನಿಸಿರಬಹುದು. ನಮ್ಮ ಶೋಕೇಸಿನಲ್ಲಿ ಕಾಫಿಯನ್ನೇ ಕಾಣದ ಲೋಟಗಳಿವೆ, ಹೂವನ್ನೇ ಕಾಣದ ಹೂದಾನಿಯಿದೆ. ಮದುವೆಗೆ ಉಡುಗೊರೆಯಾಗಿ ಬಂದ ಗಡಿಯಾರವೊಂದು ತಾನು ನಿಂತ ಗಳಿಗೆಯೇ ಪರಮಸತ್ಯವೆಂದು ಸಾಧಿಸುತ್ತ ಕೂತಿದೆ. ಇವುಗಳ ಧೂಳೊರೆಸುವ ಕೈಂಕರ್ಯ ನನ್ನದು. ದೇವರ ಸೇವೆಯಿಂದ ಪುಣ್ಯವಾದರೂ ಬರುತ್ತದೆ, ಇದರಿಂದ ಬರುವುದು ಬೆನ್ನುನೋವು.

ಆದ್ದರಿಂದಲೇ ಜಪಾನಿನ ಪೆಟ್ಟಿಗೆಯನ್ನು ಅಲ್ಲಿಡಲು ನಾನು ಒಪ್ಪಲಿಲ್ಲ. ಯಜಮಾನರು ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಗೆ ಬಂದಿದ್ದ ಜಪಾನಿನ ಸಾಹೇಬರೊಬ್ಬರು, ನಮ್ಮಲ್ಲಿ ಒಬ್ಬಟ್ಟಿನ ಊಟ ಉಂಡು, ತಮ್ಮ ದೇಶಕ್ಕೆ ಹೊರಡುವ ಮುನ್ನ ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ, ಯಜಮಾನರನ್ನು ದಾಟಿ ಬಂದು ನನಗೇ ಕೊಟ್ಟದ್ದು ಅದು. ಅಡುಗೆ ಮಾಡಿದವಳಿಗೂ ಬಾಗುವ ಜನ ಲೋಕದಲ್ಲಿದ್ದಾರೆ. ಭಗವಂತ ತನ್ನ ಚಿಕ್ಕಚಿಕ್ಕ ದಯೆಗಳನ್ನು ಎಷ್ಟು ದೂರದಿಂದ ತರಿಸುತ್ತಾನೆ ನೋಡಿ! ಯಾವುದೋ ಮರದ ಹಾಲನ್ನು ಪದರಪದರವಾಗಿ ಬಳಿದು, ಪಸೆ ಆರುವ ಮುನ್ನ ನಾವು ರಂಗೋಲಿ ಉದುರಿಸುವ ಹಾಗೆ ಚಿನ್ನದ ಪುಡಿ ಉದುರಿಸಿ, ಕಪ್ಪು ಮುಚ್ಚಳದ ಮೇಲೆ ಚಂದ್ರನನ್ನೂ ಗರಿಕೆಯಂಥ ಹುಲ್ಲನ್ನೂ ಮೂಡಿಸಿದ್ದರು.

ಒಳಗೊಂದು ಕುಂಚ, ಒಂದು ಕಪ್ಪು ಕಡ್ಡಿ, ಒಂದು ನಯವಾದ ಕಲ್ಲು. ಆ ಕಲ್ಲನ್ನು ಕಂಡವಳೇ ಗಂಧ ತೇಯುವ ಸಾಣೆಕಲ್ಲೆಂದು ನಿಶ್ಚಯಿಸಿ, ಸಾಹೇಬರ ದೈವಭಕ್ತಿಗೆ ಮನಸ್ಸಿನಲ್ಲೇ ಕೈಮುಗಿದು, ಶ್ರಾವಣವಿಡೀ ಅದರ ಮೇಲೆ ಗಂಧ ತೇಯ್ದೆ. ಕಡ್ಡಿ ಕರ್ಪೂರದ ಹಾಗೆ ಘಮ್ಮೆನ್ನುತ್ತಿದ್ದುದರಿಂದ ಅದನ್ನು ಆರತಿ ತಟ್ಟೆಯಲ್ಲಿಟ್ಟು ಹಚ್ಚಿಯೂ ನೋಡಿದೆ. ಸದ್ಯ, ಹತ್ತಿಕೊಳ್ಳಲಿಲ್ಲ. ಇವೆಲ್ಲ ಬರೆಯುವ ಸಾಮಗ್ರಿ, ಕಡ್ಡಿಯನ್ನು ನೀರಿನಲ್ಲಿ ತೇಯ್ದರೆ ಶಾಯಿ ಬರುತ್ತದೆ ಎಂದು ಮಗಳು ಫೋನಿನಲ್ಲಿ ಚಿತ್ರ ತೋರಿಸಿದಾಗ ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು, ಕಲ್ಲು ತೊಳೆದು, ಕಡ್ಡಿ ತೇಯತೊಡಗಿದೆ. ಗಂಧಕ್ಕೆ ಪಳಗಿದ ತೋಳಿಗೆ ಶಾಯಿ ಯಾವ ಮಹಾ! ಅಂದಿನಿಂದ ದಿನವೂ ಪೂಜೆಯಾದ ಮೇಲೆ ಒಂದಿಷ್ಟು ರಾಮನಾಮ, ಆಮೇಲೆ ಮನಸ್ಸಿಗೆ ತೋಚಿದ ಒಂದೆರಡು ಸಾಲು. ಆ ಹೊತ್ತಿನಲ್ಲಿ ಮಾತ್ರ ನನ್ನನ್ನು ಯಾರೂ ಉಪ್ಪಿನಕಾಯಿ ಎಲ್ಲಿದೆಯೆಂದು ಕೇಳುವುದಿಲ್ಲ.

ಹೀಗಿರುವಾಗ ಪೆಟ್ಟಿಗೆಯ ಸುದ್ದಿ ಕೇಳಿ ಹೊಸಕೋಟೆಯಿಂದ ಯಜಮಾನರ ಅಕ್ಕ ಬಂದರು. ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಮ್ಮ ಹೊಸಮನೆ ಶೋಕೇಸಿಗೆ ಹೇಳಿ ಮಾಡ್ಸಿದಂಗೈತೆ ಕಣೇ. ನಿಂಗ್ಯಾಕೆ ಇದು? ನೀನೇನು ಬರೀತೀಯಾ, ದಿನಸಿ ಚೀಟೀನಾ?”

“ಕೊಟ್ಬಿಡೇ, ಅಕ್ಕ ಬಾಯ್ಬಿಟ್ಟು ಕೇಳ್ತಾವ್ಳೆ. ನಿಂಗೆ ಬೇರೆ ಡಬ್ಬ ತಂದ್ಕೊಡ್ತೀನಿ” ಅಂದರು ಯಜಮಾನರು.

ಡಬ್ಬ! ಇಷ್ಟು ವರ್ಷ ಕೇಳಿದ್ದನ್ನೆಲ್ಲ ಕೊಟ್ಟೇ ಬಂದವಳು ನಾನು. ನನ್ನ ತವರಿನ ಬೆಳ್ಳಿ ಕುಂಕುಮದ ಭರಣಿ ಈಗಲೂ ಅದೇ ಅತ್ತಿಗೆಯ ಮನೆಯಲ್ಲಿ ಗಾಜಿನ ಹಿಂದೆ ಸೆರೆಯಲ್ಲಿದೆ.

“ಅವ್ರು ಬಗ್ಗಿ ಕೊಟ್ಟಿದ್ದು ನಂಗೆ ಕಣ್ರೀ. ನೀವು ಬಗ್ಗಿದ್ರೂ ಕೊಡಲ್ಲ” ಅಂದೆ.

“ಅಬ್ಬಬ್ಬಾ, ಬರೆಯೋಳಂತೆ!” ಅತ್ತಿಗೆ ಕೆನ್ನೆ ಹೊಡೆದುಕೊಂಡರು. “ದಿನಾ ಮುಟ್ಟಿ ಮುಟ್ಟಿ ಮೇಲಿನ ಚಿನ್ನ ಸವೆದೋಗಲ್ವೇನೇ?”

“ಸವೀಲಿ ಅತ್ತಿಗೆ. ನಮ್ಮ ಹಿತ್ತಾಳೆ ಕೃಷ್ಣನ ಮೂಗು ಹುಣಸೆಹಣ್ಣು ಹಾಕಿ ಉಜ್ಜೀ ಉಜ್ಜೀ ಸವೆದೇ ಹೋಯ್ತು. ಹಂಗಂತ ಅವನ್ನ ಶೋಕೇಸಲ್ಲಿ ಇಟ್ಟಿದ್ದೀವಾ?”

ಹೀಗೆ ಹೇಳಿದ ಮೇಲೆಯೇ ನನಗೂ ಅದು ಅರ್ಥವಾದದ್ದು. ಸವೆಯುವುದೆಂದರೆ ಹಾಳಾಗುವುದಲ್ಲ, ಕೈಯೊಂದು ದಿನವೂ ಅದನ್ನು ಅರಸಿ ಬಂದಿತೆಂಬುದಕ್ಕೆ ಸಾಕ್ಷಿ.

ಪೆಟ್ಟಿಗೆಗೆಂದೇ ಅತ್ತಿಗೆ ಮಡಿಸಿ ತಂದಿದ್ದ ಬಟ್ಟೆಚೀಲವನ್ನು ಬರಿದಾಗಿ ಕಳಿಸುವುದು ಶ್ರೇಯಸ್ಸಲ್ಲ. ಅದರಲ್ಲಿ ದೇವನಹಳ್ಳಿಯ ಚಕ್ಕೋತ ತುಂಬಿ, ಅರಿಸಿನ ಕುಂಕುಮ ಕೊಟ್ಟು, ಬಸ್ಸು ಹತ್ತಿಸಿ ಬಂದೆ. ಬಂದವಳು ಮಧ್ಯಾಹ್ನದ ಪಾತ್ರೆಗಳನ್ನು ಇದ್ದಲ್ಲೇ ಬಿಟ್ಟು, ಶಾಯಿ ತೇಯ್ದು ಕೂತೆ.

ಯಜಮಾನರು ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಸುಳಿದಾಡಿದರು. ಆಮೇಲೆ ಬಾಗಿಲಲ್ಲಿ ನಿಂತು, “ಅಷ್ಟೊಂದು ಏನ್ ಬರೀತಿದ್ದೀಯೇ?” ಅಂದರು.

“ಪತ್ರಿಕೇಲಿ ಅಚ್ಚಾದ್ಮೇಲೆ ಓದೋರಂತೆ” ಅಂದೆ, ತಲೆಯೆತ್ತದೆ.