ಕೈ ನಿಂತರೆ ಕತೆ ಪಾಸು

ಹುಕ್ಕೇರಿಯ ಗೌರವ್ವ ೧೯೪೯ರಲ್ಲಿ ಲಗ್ನವಾಗಿ ಗೋಕಾಕಕ್ಕೆ ಬಂದಾಗ ಗಂಡನ ಮನೆಯ ಪಡಸಾಲೆಯಲ್ಲಿ ಛಾಪಖಾನೆ ಇತ್ತು. ಲಗ್ನಪತ್ರಿಕೆ ಅಚ್ಚಾಗಿ ಉಳಿದ ಕಾಗದದ ಬೆನ್ನಿಗೆ ಆಕೆ ದೆವ್ವದ ಕತೆ ಬರೆದಳು. ಜನ ಕೇಳಿ ಕೇಳಿ ಓದಿದರು. ನಾಲ್ಕು ವರ್ಷದಲ್ಲಿ ಅದು ಮಾಸಪತ್ರಿಕೆಯಾಯಿತು. ಕತೆ ಆರಿಸಿ, ತಿದ್ದಿ, ಪ್ರೂಫು ನೋಡುವವಳು ಗೌರವ್ವ. ಮುಖಪುಟದಲ್ಲಿ ಸಂಪಾದಕ ಗಂಡ ಮುರಿಗೆಪ್ಪ.

ಆಕೆಯ ಪರೀಕ್ಷೆ ಒಂದೇ. ಮುಂಜಾನೆ ನೆಗೆಣ್ಣಿ ದುಂಡವ್ವ, ಬಾಜೂ ಮನೆಯ ಲಕ್ಕವ್ವ ರೊಟ್ಟಿ ಬಡಿಯುವಾಗ, ತಾನು ಬೇಯಿಸುತ್ತ, ಬಂದ ಕತೆ ಓದುವಳು. ಬಡಿಯುವ ಕೈ ಅಂಜಿ ನಿಂತರೆ ಕತೆ ಪಾಸು.

೧೯೫೮ರಲ್ಲಿ ಮೂಡಲಗಿಯ ಪದ್ಮವ್ವ ಎಂಬಾಕೆಯ ಕತೆ ಬಂತು. ಒಂದು ಮನೆಯಲ್ಲಿ ಹೆಣ್ಣು ದೆವ್ವ. ಎಲ್ಲರಿಗಿಂತ ಮೊದಲು ಎದ್ದು ಬೀಸುತ್ತದೆ, ನೀರು ತರುತ್ತದೆ, ಅಡುಗೆ ಮಾಡುತ್ತದೆ. ಉಂಡವರಿಗೆ ಅದು ಕಾಣುವುದೇ ಇಲ್ಲ. ಒಂದು ದಿನ ಸೆರಗಿಗೆ ಬೆಂಕಿ ಹತ್ತಿ ಅದು ಚೀರಿದಾಗ ಪಡಸಾಲೆಯಿಂದ ದನಿ ಬಂತು: "ರೊಟ್ಟಿ ಸೀಯಾಕತ್ತೈತಿ, ನೋಡ!"

ಬಡಿಯುವ ಸದ್ದು ನಿಲ್ಲಲೇ ಇಲ್ಲ.

"ಇದರಾಗ ಅಂಜೋದೇನೈತಿ ಬೇ?" ಎಂದಳು ಲಕ್ಕವ್ವ. "ಉಣ್ಣೋರು ಎಂದರ ನಮ್ಮ ಮಾರಿ ನೋಡ್ಯಾರೇನ?"

"ನಿನ್ನ ಮಾರಿ ನೋಡಿದ್ರ ಊಟ ಬಿಟ್ಟು ಓಡತಿದ್ರು," ಎಂದಳು ದುಂಡವ್ವ. ಮೂವರೂ ನಕ್ಕರು.

ಗೌರವ್ವ ತನ್ನ ಸಹಿಯ ಚೀಟಿ ಇಟ್ಟು ಕತೆಯನ್ನು ಮರಳಿಸಿದಳು. 'ರೊಟ್ಟಿ ಬಡಿಯುವವರ ಮುಂದೆ ಓದಿ ನೋಡಿದೆ. ದೆವ್ವ ಯಾರನ್ನೂ ಹೆದರಿಸುವುದಿಲ್ಲ. ಬೆಂಕಿಯ ಪ್ರಸಂಗ ನಂಬುವಂತಿಲ್ಲ.'

ಹದಿನೈದು ದಿನಕ್ಕೆ ಅದೇ ಕತೆ ತಿರುಗಿ ಬಂತು, ಜೊತೆಗೊಂದು ಚೀಟಿ. ಗೌರವ್ವ ಒಲೆಯ ಮುಂದೆಯೇ ಓದಿದಳು.

'ಅಕ್ಕಾರ, ದೆವ್ವ ಅಂದ್ರ ನೀವು ಓದತೀರಿ ಅಂತ ದೆವ್ವ ಅಂದೆ. ಆಕಿ ನಾನರಿ. ಸುಟ್ಟದ್ದು ಎಡಗೈ, ಬಲಗೈಲೆ ಬರದೇನಿ. ಇದನ್ನ ಉಣ್ಣೋರ ಮುಂದ ಓದ್ರಿ.'

ಎಷ್ಟೋ ದೆವ್ವಗಳನ್ನು ತಿದ್ದಿದ ಗೌರವ್ವ ಚೀಟಿಯನ್ನು ಮತ್ತೊಮ್ಮೆ ಓದಿದಳು. ಒಬ್ಬ ಹೆಣ್ಣುಮಗಳ ಚೀರಾಟ ಕೇಳಿ ತಾವು ನಕ್ಕಿದ್ದರು. ತಾನು ಅದಕ್ಕೆ ತಪ್ಪು ಹುಡುಕಿದ್ದಳು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

ಪಡಸಾಲೆಯಿಂದ ಮುರಿಗೆಪ್ಪ ಕೂಗಿದ: "ರೊಟ್ಟಿ ಸೀಯಾಕತ್ತೈತಿ, ನೋಡ!"

ಗೌರವ್ವನ ಕೈಯಿಂದ ಚೀಟಿ ಜಾರಿತು.

ಮಧ್ಯಾಹ್ನ ಮುರಿಗೆಪ್ಪ ಉಣ್ಣುತ್ತಿದ್ದಾಗ ಎದುರಿಗೆ ಕೂತು ಕತೆ ಓದಿದಳು. ಆ ಕೂಗು ಬಂದಲ್ಲಿ ಅವನ ತುತ್ತು ಬಾಯಿಯ ಹತ್ತಿರ ನಿಂತಿತು. ಆಕೆಯ ಮುಂಗೈಯ ಸುಟ್ಟ ಕಲೆಗಳನ್ನು ಇದೇ ಮೊದಲ ಸಲ ನೋಡಿದವನಂತೆ ನೋಡಿದ.

"ಇದನ್ನ ಛಾಪಿಸಬ್ಯಾಡ. ನಮ್ಮ ಮನಿದ ಅಂತಾರ ಮಂದಿ."

"ನಿಮ್ಮ ಕೈ ನಿಂತೈತ್ರಿ. ಕತಿ ಪಾಸ."

"ಸಂಪಾದಕ ನಾನದೇನಿ!"

"ಹಂಗಾರ ಈ ತಿಂಗಳದು ನೀವ ತಿದ್ರಿ. ಪ್ರೂಫೂ ನೀವ ನೋಡ್ರಿ."

ಗೌರವ್ವ ಎದ್ದು ಪಡಸಾಲೆಗೆ ಹೋಗಿ ಪದ್ಮವ್ವನ ಕತೆಗೆ ತಾನೇ ಅಚ್ಚಿನ ಮೊಳೆ ಜೋಡಿಸಿದಳು. ಆಮೇಲೆ ಮುಖಪುಟದ ಚೌಕಟ್ಟಿನಿಂದ ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಕಿತ್ತು, ಆ ಜಾಗದಲ್ಲಿ ತನ್ನ ಹೆಸರು ಕೂರಿಸಿದಳು.