ಸುವರ್ಣಮ್ಮನ ಕೈ

ಬಿಳಿಗೆರೆಯ ನಮ್ಮ ಬೀದಿಯಲ್ಲಿ ನಲವತ್ತು ವರ್ಷದಿಂದ ಕೂಸುಗಳಿಗೆಲ್ಲ ನೀರು ಎರೆದವರು ಸುವರ್ಣಮ್ಮ. ನನಗೂ ಎರೆದಿದ್ದಾರೆ. ಕಾಲು ಚಾಚಿ ಕೂತು, ಕೂಸನ್ನು ಬೋರಲು ಮಲಗಿಸಿಕೊಂಡು, ತಮ್ಮ ತೋಟದ ಕೊಬ್ಬರಿ ಎಣ್ಣೆ ಹಚ್ಚಿ ಬೆನ್ನು ನೀವಿದರೆ ಎಂಥ ರಚ್ಚೆಯ ಕೂಸೂ ನಿದ್ದೆ ಹೋಗುತ್ತಿತ್ತು. ಪ್ರತಿಫಲ ಎಲೆ ಅಡಿಕೆ ಅಷ್ಟೆ. ಬಾಯಿ ಮಾತ್ರ ಜೋರು. ಬಾಣಂತಿಯ ಗಂಡ ಬಚ್ಚಲ ಕಡೆ ಇಣುಕಿದರೆ, "ಏನ್ಲಾ, ನಿಂಗೂ ಎರೀಲಾ?" ಎಂದು ಓಡಿಸುತ್ತಿದ್ದರು.

ಹೋದ ವರ್ಷ, ಅವರ ಜೊತೆಗೇ ಇರುವ ಮಗಳ ಮಗಳು ಮಧುಶ್ರೀ ತಿಪಟೂರಿನಲ್ಲಿ ಹೆತ್ತು ತವರಿಗೆ ಬಂದಳು. ಗಂಡು ಕೂಸು. ಹೊಕ್ಕುಳಿಗೆ ಏನೂ ಹಚ್ಚಬೇಡಿ ಎಂದು ಆಶಾ ಕಾರ್ಯಕರ್ತೆ ಅನಿತಾ ಎರಡು ಸಲ ಹೇಳಿದ್ದಳು. ಸುವರ್ಣಮ್ಮ ತಲೆಯಾಡಿಸಿದರು. ಅವಳು ಹೊಸಿಲು ದಾಟಿದ ಮೇಲೆ ಎಣ್ಣೆಯಲ್ಲಿ ವಿಭೂತಿ ಕಲಸಿ ಹಚ್ಚಿದರು. ಬೀದಿಯ ಕೂಸುಗಳಿಗೆಲ್ಲ ಹಾಗೇ ಹಚ್ಚಿದ್ದರಲ್ಲ, ಯಾರಿಗೂ ಏನೂ ಆಗಿರಲಿಲ್ಲ. ಆಗಿದ್ದರೂ ದೇವರ ಇಚ್ಛೆ ಎಂದು ಸುಮ್ಮನಾಗಿರುತ್ತಿದ್ದೆವು, ನಮ್ಮ ಜನ ಹಾಗೇ.

ಆರನೇ ದಿನ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ತಿಪಟೂರಿನ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆಗೆ ನಾನು ಕೆಲಸ ಮಾಡುವ ಲ್ಯಾಬಿಗೆ ಕಳಿಸಿದರು. ಹಿಮ್ಮಡಿಗೆ ಚುಚ್ಚಿದೆ. ಅಳಲಿಲ್ಲ. ಚುಚ್ಚಿದರೂ ಅಳದ ಕೂಸು ಕಂಡರೆ ನನಗೆ ಹೆದರಿಕೆ.

ಸಿಆರ್‌ಪಿ ಎಂದೊಂದು ಪರೀಕ್ಷೆ. ಮೈಯಲ್ಲಿ ನಂಜಾದರೆ ರಕ್ತದಲ್ಲಿ ಅದು ಏರುತ್ತದೆ. ಆದರೆ ನಂಜು ಹತ್ತಿದ ಕೂಡಲೇ ಏರುವುದಿಲ್ಲ, ಅರ್ಧ ದಿನವೋ ಒಂದು ದಿನವೋ ಹಿಡಿಯುತ್ತದೆ. ಆರರೊಳಗಿದ್ದರೆ ಸರಿ ಎನ್ನುತ್ತೇವೆ. ಮೂರು ಬಂತು. ಇದೊಂದನ್ನೇ ನಂಬಬೇಡಿ, ಕೂಸು ಆಸ್ಪತ್ರೆಯಲ್ಲೇ ಇರಲಿ, ನಾಳೆ ಮತ್ತೆ ನೋಡೋಣ ಎಂದರು ಡಾಕ್ಟರು.

ಸುವರ್ಣಮ್ಮ ಚೀಟಿ ಹಿಡಿದು ನನ್ನ ಹತ್ತಿರ ಬಂದರು. "ಮಲ್ಲೇಶ, ನೀ ಹೇಳಪ್ಪ. ನಂಜು ಐತಾ, ಇಲ್ವಾ?"

"ರಿಪೋರ್ಟಲ್ಲಿ ಏನೂ ಇಲ್ಲ ಕಣಜ್ಜಿ."

ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ. ಸುಳ್ಳು, ಇತ್ತು. ಹೇಳಲು ಬೇಜಾರಾಗಿತ್ತು, ಅಷ್ಟೆ.

ಅವರು ಮೊಮ್ಮಗಳಿಗೆ, "ರಕ್ತಾನೇ ಚೆನ್ನಾಗೈತೆ ಅಂತು. ಇನ್ನೂ ಯಾಕೆ ಚುಚ್ಚಿಸ್ಬೇಕು? ಒಂದೊಳಲೆ ರಕ್ತ ಇಲ್ಲ ಅದರ ಮೈಯಾಗೆ" ಎಂದರು. ಡಾಕ್ಟರು ಬೇಡವೆಂದರೂ ರುಜು ಹಾಕಿ ಕೂಸನ್ನು ಕರೆದುಕೊಂಡು ಹೋದರು.

ಮರುದಿನ ಬೆಳಿಗ್ಗೆ ತಂದಾಗ ಅಂಗಾಲು ತಣ್ಣಗಿತ್ತು. ಸಿಆರ್‌ಪಿ ಎಂಬತ್ತಾರು ಬಂತು. ನಾನು ಎರಡು ಸಲ ನೋಡಿದೆ. ಹಾಸನಕ್ಕೆ ಆಂಬುಲೆನ್ಸ್ ಹೊರಟಿತು, ಅರಸೀಕೆರೆ ಮುಟ್ಟುವ ಮೊದಲೇ ಕೂಸು ಹೋಯಿತು. ತೋಟದ ಬದುವಿನಲ್ಲಿ ಹೂತರು.

ನಾಲ್ಕನೇ ದಿನ ಸುವರ್ಣಮ್ಮ ಒಬ್ಬರೇ ಬಸ್ಸು ಹತ್ತಿ ಲ್ಯಾಬಿಗೆ ಬಂದು ಎರಡೂ ಕೈ ಮೇಜಿನ ಮೇಲಿಟ್ಟರು.

"ನೋಡಪ್ಪ. ನಂಜು ಇದ್ರಾಗೇ ಇತ್ತಾ?"

ರೋಗಾಣು ಬೆಳೆಸಿ ನೋಡಲು ಇಟ್ಟಿದ್ದ ಕೂಸಿನ ರಕ್ತದಲ್ಲಿ ಸಿಕ್ಕ ರೋಗಾಣುವಿನ ಹೆಸರು ಅಂದು ಬೆಳಿಗ್ಗೆಯೇ ಬಂದಿತ್ತು. ಅದು ಎಲ್ಲಿಂದ ಬಂತು ಎಂದು ಯಾವ ಕಾಗದದಲ್ಲೂ ಇರುವುದಿಲ್ಲ.

"ಅದ್ನ ಹೇಳೋ ಪರೀಕ್ಷೆ ಇಲ್ಲ ಕಣಜ್ಜಿ."

"ಅಷ್ಟು ಸಣ್ಣ ಮಗೀನ ಒಳಗಿಂದು ಗೊತ್ತಾಯ್ತದೆ, ಮುದ್ಕಿ ಕೈಯಾಗಿಂದು ಗೊತ್ತಾಗಲ್ವಾ?"

ಅವತ್ತು ಅರ್ಧ ಮಾತು ಹೇಳಿ ಕಳಿಸಿದ್ದನ್ನು ಆಗಲೇ ಒಪ್ಪಿಕೊಳ್ಳಬೇಕಿತ್ತು. ಗಾಡಿಯ ಕೀ ಹುಡುಕಿದೆ. ಥೂ, ನನ್ನ ಜನ್ಮಕ್ಕಿಷ್ಟು. ಬೈಕಿನಲ್ಲಿ ಮನೆಗೆ ಬಿಟ್ಟೆ.

ಹಂಡೆಯಲ್ಲಿ ನೀರು ಮರಳುತ್ತಿತ್ತು. ಕೂಸು ಇಲ್ಲದಿದ್ದರೂ ಬಾಣಂತಿಗೆ ನೀರು ಎರೆಯಲೇಬೇಕು. ಸುವರ್ಣಮ್ಮ ಸೆರಗು ಸಿಕ್ಕಿಸಿ ಎಣ್ಣೆ ಬಟ್ಟಲು ಹಿಡಿದು ಬಚ್ಚಲಿಗೆ ಹೋದರು. ಒಳಗಿನಿಂದ ಮಧುಶ್ರೀಯ ದನಿ ಅಂಗಳಕ್ಕೆ ಕೇಳಿತು.

"ಅಜ್ಜಿ, ನೀನು ಮುಟ್ಬೇಡ. ಅಮ್ಮನ್ನ ಕಳ್ಸು."

ಸುವರ್ಣಮ್ಮ ಹೊರಗೆ ಬಂದು ಮಗಳನ್ನು ಕೂಗಿದರು. ಬಟ್ಟಲನ್ನು ಅವಳ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟರು. ಆಮೇಲೆ ಒಲೆಯ ಮುಂದೆ ಕೂತು, ನೀರು ಆರದ ಹಾಗೆ ಒಂದೊಂದೇ ತೆಂಗಿನ ಮಟ್ಟೆ ಒಳಗೆ ತಳ್ಳತೊಡಗಿದರು.